ಮನೆ ಬಾಗಿಲಿಗೆ ಬರುವ ಬಿಪಿ, ಶುಗರ್ ಮಾತ್ರೆ: ಅಂಬತ್ತೂರಿನ ಕನ್ನಡ ಕುಟುಂಬಗಳಿಗೆ ತಿಳಿದಿರಲಿ

ಅಂಬತ್ತೂರಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಮಗನ ಮನೆಗೆ ಊರಿನಿಂದ ತಾಯಿ ಬಂದಿದ್ದಾರೆ. ಅವರಿಗೆ ಬಿಪಿ, ಶುಗರ್ ಎರಡೂ ಇವೆ. ಬಾಗಿಲಿಗೆ ಬಂದ ಆರೋಗ್ಯ ಸ್ವಯಂಸೇವಕಿ ‘ಮಕ್ಕಳೈ ತೇಡಿ ಮರುತ್ತುವಂ’ ಎಂದರೆ, ಅದು ಚಿಕ್ಕ ಮಕ್ಕಳ ಯೋಜನೆ ಎಂದುಕೊಂಡು ತಾಯಿ ಸುಮ್ಮನಾಗಬಹುದು. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನರು. ‘ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ ಸೇವೆ’ ಎಂಬುದು ಈ ಹೆಸರಿನ ಅರ್ಥ.

ಏನಿದು ಯೋಜನೆ?

ತಮಿಳುನಾಡು ಸರ್ಕಾರ ಇದನ್ನು 2021ರ ಆಗಸ್ಟ್ 5ರಂದು, ಕರ್ನಾಟಕದ ಗಡಿಗೆ ಹೊಂದಿಕೊಂಡ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿತು. ಮನೆಯಲ್ಲೇ ಬಿಪಿ ಮತ್ತು ಶುಗರ್ ತಪಾಸಣೆ, ಆಸ್ಪತ್ರೆಗೆ ಹೋಗಲಾಗದವರಿಗೆ ಮಾತ್ರೆ, ಹಾಸಿಗೆ ಹಿಡಿದವರಿಗೆ ಉಪಶಮನ ಆರೈಕೆ ಮತ್ತು ಫಿಸಿಯೋಥೆರಪಿ, ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ಗೆ ಬೇಕಾದ ಚೀಲಗಳು ಇದರಲ್ಲಿ ಸೇರಿವೆ. 2024ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಅಂತರ ಸಂಸ್ಥಾ ಕಾರ್ಯಪಡೆಯ ಪ್ರಶಸ್ತಿ ಸಿಕ್ಕಿತು. ಕರ್ನಾಟಕದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾದ ‘ಗೃಹ ಆರೋಗ್ಯ’ದ ಉದ್ದೇಶವೂ ಇಂಥದ್ದೇ.

ಮನೆಗೇ ಏಕೆ ಬರಬೇಕು?

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಬಿಪಿ ಹೆಚ್ಚಿದ್ದರೂ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ಆರಾಮವಾಗಿದ್ದೇನೆ ಎಂದು ಮಾತ್ರೆ ಬಿಟ್ಟವರು ಪಾರ್ಶ್ವವಾಯು, ಹೃದಯಾಘಾತ ಅಥವಾ ಕಿಡ್ನಿ ತೊಂದರೆಯೊಂದಿಗೆ ಆಸ್ಪತ್ರೆ ಸೇರುತ್ತಾರೆ. ಅದನ್ನು ತಪ್ಪಿಸಲೆಂದೇ ಮಾತ್ರೆಯನ್ನು ಮನೆಯವರೆಗೆ ತಲುಪಿಸುವ ಈ ವ್ಯವಸ್ಥೆ.

ಒಂದೇ ಔಷಧ ಎರಡು ಸಲ ಬೇಡ

ಫಾರ್ಮಸಿಸ್ಟ್ ಆಗಿ ನಾನು ಒತ್ತಿ ಹೇಳಬೇಕಾದ ಮಾತು ಇದು. ಸರ್ಕಾರಿ ಮಾತ್ರೆಯ ಪಟ್ಟಿಯ ಮೇಲೆ ಬ್ರಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು ಇರುತ್ತದೆ. ಬಣ್ಣ, ಆಕಾರವೂ ಬೇರೆ. ಹಾಗಾಗಿ ಊರಿನಿಂದ ತಂದದ್ದು ಒಂದು, ಇಲ್ಲಿ ಕೊಟ್ಟದ್ದು ಇನ್ನೊಂದು ಎಂದುಕೊಂಡು ಎರಡನ್ನೂ ನುಂಗುವ ಅಪಾಯವಿದೆ. ಖಾಸಗಿ ಅಂಗಡಿಯ ಒಂದೇ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಇರಬಹುದು. ಸರ್ಕಾರಿ ಕೇಂದ್ರದಲ್ಲಿ ಅವೇ ಬೇರೆ ಬೇರೆಯಾಗಿ ಸಿಗಬಹುದು.

ಗ್ಲಿಮೆಪಿರೈಡ್ ದುಪ್ಪಟ್ಟಾದರೆ ಸಕ್ಕರೆ ಅಂಶ ವಿಪರೀತ ಇಳಿಯಬಹುದು. ಬೆವರು, ನಡುಕ, ಗೊಂದಲ ಕಂಡರೆ, ಎಚ್ಚರವಿರುವವರಿಗೆ ತಕ್ಷಣ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಮಾತ್ರೆಯ ಪರಿಣಾಮ ಗಂಟೆಗಟ್ಟಲೆ ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು.

ನೀವು ಮಾಡಬೇಕಾದದ್ದು

• ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಳೆಯ ಚೀಟಿ, ವರದಿಗಳು, ಆಧಾರ್ ಜೊತೆಗಿದ್ದರೆ ಅನುಕೂಲ.
• ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಹೊಸದು ಬಂದಾಗ ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು ಎಂದು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.
• ತಮಿಳು ಪದಗಳನ್ನು ತಿಳಿದಿರಿ: ‘ಕಾಲೈ’ ಎಂದರೆ ಕಾಲಲ್ಲ, ಬೆಳಿಗ್ಗೆ. ‘ಮದಿಯಂ’ ಮಧ್ಯಾಹ್ನ, ‘ಇರವು’ ರಾತ್ರಿ. ‘ಸಾಪ್ಪಾಟ್ಟುಕ್ಕು ಮುನ್’ ಊಟಕ್ಕೆ ಮೊದಲು, ‘ಪಿನ್’ ಊಟದ ನಂತರ. ಇವನ್ನು ಪಟ್ಟಿಯ ಮೇಲೆ ಕನ್ನಡದಲ್ಲಿ ಬರೆದಿಡಿ.
• ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತಿಳಿಸಿ. ಊರಿಗೆ ಹೊರಡುವಾಗ ಚೀಟಿಯನ್ನೂ ಜೊತೆಗೆ ಒಯ್ಯಿರಿ.

ಮಾತ್ರೆಯನ್ನು ಬಾಗಿಲವರೆಗೆ ತರುವುದು ಸರ್ಕಾರದ ಕೆಲಸ. ಅದು ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಹೊಟ್ಟೆ ಸೇರುವಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಅನುಮಾನ ಬಂದರೆ, ನುಂಗುವ ಮೊದಲೇ ಕೇಳಿ.