ಹಳೆಯ ಕಾರು ಕೊಳ್ಳುವಿರಾ? ಬಾನೆಟ್‌ಗಿಂತ ಮೊದಲು ದಾಖಲೆ ತೆರೆಸಿ

ಕಾರೊಂದು 2007ರಲ್ಲಿ ಮಾರಾಟವಾಯಿತು. ಕೊಂಡವರು ಅದನ್ನು ಮತ್ತೊಬ್ಬರಿಗೆ ಮಾರಿದರು. ಹೀಗೆ ಕಾರು ಕೈಯಿಂದ ಕೈಗೆ ದಾಟುತ್ತಾ ಹೋಯಿತು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತ ಸಂಭವಿಸಿತು. ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2018ರ ಫೆಬ್ರುವರಿಯಲ್ಲಿ ತೀರ್ಮಾನವಾಯಿತು. ಅಪಘಾತದ ದಿನ ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು, ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು.

ಈ ತೀರ್ಪು ಮಾರುವವರಿಗೆ ಎಚ್ಚರಿಕೆಯಾದರೆ, ಕೊಳ್ಳುವವರಿಗೆ ಅದರಲ್ಲಿ ಇನ್ನೊಂದು ಪಾಠವಿದೆ. ಲಕ್ಷಗಟ್ಟಲೆ ಹಣ ಎಣಿಸಿ, ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಪೂಜೆ ಮಾಡಿಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಎಂಜಿನ್ ಕೆಟ್ಟರೆ ಹಣ ಖರ್ಚು ಮಾಡಿ ಸರಿಪಡಿಸಬಹುದು. ದಾಖಲೆಯಲ್ಲಿ ದೋಷವಿದ್ದರೆ ಯಾವ ಗ್ಯಾರೇಜಿನಲ್ಲೂ ರಿಪೇರಿಯಿಲ್ಲ. ಆದ್ದರಿಂದ ಪರೀಕ್ಷೆಯನ್ನು ಕಾಗದಪತ್ರಗಳಿಂದಲೇ ಆರಂಭಿಸುವುದು ಒಳಿತು.

ಆರ್‌ಸಿ ಏನು ಹೇಳುತ್ತದೆ?

ನೋಂದಣಿ ಪತ್ರದಲ್ಲಿರುವ (ಆರ್‌ಸಿ) ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆ ಕೆತ್ತಿರುವ ಸಂಖ್ಯೆಗಳೊಂದಿಗೆ ಒಂದೊಂದೇ ಅಕ್ಷರವಾಗಿ ಹೋಲಿಸಬೇಕು. ಉಜ್ಜಿದ ಅಥವಾ ತಿದ್ದಿದ ಗುರುತು ಕಂಡರೆ ಮಾತು ಅಲ್ಲಿಗೇ ನಿಲ್ಲಿಸಬೇಕು. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ವಾಹನ ಸಂಖ್ಯೆ ನಮೂದಿಸಿದರೆ ನೋಂದಣಿ ದಿನಾಂಕ, ವಿಮೆಯ ಅವಧಿ, ಸಾಲದ ವಿವರಗಳು ದೊರೆಯುತ್ತವೆ. ಬಾಕಿ ಇರುವ ಸಂಚಾರ ದಂಡವನ್ನೂ ಆನ್‌ಲೈನ್‌ನಲ್ಲೇ ನೋಡಬಹುದು.

ಕಾರನ್ನು ಸಾಲದಲ್ಲಿ ಕೊಂಡಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಬ್ಯಾಂಕ್ ಸಹಿ ಮಾಡಿದ ನಮೂನೆ 35 ಕೈಸೇರಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರದ ಜೊತೆಗೆ ಕರ್ನಾಟಕದ ತೆರಿಗೆಯನ್ನೂ ಲೆಕ್ಕ ಹಾಕಬೇಕು. ಅಗ್ಗವೆಂದು ಕಂಡ ಬೆಲೆ ಈ ಲೆಕ್ಕದ ನಂತರ ಅಗ್ಗವಾಗಿ ಉಳಿಯದಿರಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಸೀಮಿತ. ಅನಂತರ ತಪಾಸಣೆಗೆ ಒಳಪಡಿಸಿ 5 ವರ್ಷಗಳ ಅವಧಿಗೆ ನವೀಕರಿಸಬೇಕು. ಹದಿನಾಲ್ಕು ವರ್ಷದ ಕಾರು ಕೊಳ್ಳುವವರು ಇದನ್ನು ಮರೆಯಬಾರದು.

ವಿಮಾ ಪಾಲಿಸಿಯೂ ಒಂದು ಸಾಕ್ಷಿ. ಪರಿಹಾರ ಕೇಳದ ಮಾಲೀಕರಿಗೆ ಪ್ರತಿ ನವೀಕರಣದಲ್ಲಿ ದೊರೆಯುವ ‘ನೋ ಕ್ಲೇಮ್ ಬೋನಸ್’ ಶೇ 20ರಿಂದ ಆರಂಭವಾಗಿ ಶೇ 50ರವರೆಗೆ ಏರುತ್ತದೆ. ‘ಒಂದು ಗೀರೂ ಬಿದ್ದಿಲ್ಲ’ ಎನ್ನುವ ಆರು ವರ್ಷದ ಕಾರಿನ ಪಾಲಿಸಿಯಲ್ಲಿ ಬೋನಸ್ ಶೂನ್ಯವೆಂದಿದ್ದರೆ ಕಾರಣ ಕೇಳಲೇಬೇಕು.

ಅಪಘಾತ, ನೆರೆಯ ಗುರುತು

ಕಾರನ್ನು ಹಗಲು ಬೆಳಕಿನಲ್ಲಿ, ತೊಳೆದು ಒಣಗಿದ ಮೇಲೆ ನೋಡಬೇಕು. ಬಾಗಿಲು, ಬಾನೆಟ್, ಡಿಕ್ಕಿಗಳ ಸಂದು ಎರಡೂ ಬದಿಗಳಲ್ಲಿ ಒಂದೇ ಅಗಲ ಇರಬೇಕು. ಅವುಗಳ ಬೋಲ್ಟ್‌ಗಳ ಮೇಲಿನ ಬಣ್ಣ ಕಿತ್ತಿದ್ದರೆ ಬಿಚ್ಚಿ ಜೋಡಿಸಿದ್ದಾರೆಂದು ಅರ್ಥ. ಉಕ್ಕಿನ ಭಾಗಗಳ ಮೇಲೆ ಸಣ್ಣ ಅಯಸ್ಕಾಂತ ಹಿಡಿದಾಗ ಅಂಟದಿದ್ದರೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿರುವ ಸಂಭವವಿದೆ.

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ, 2023ರ ಡಿಸೆಂಬರ್ ಚಂಡಮಾರುತಕ್ಕೆ ಚೆನ್ನೈಯಲ್ಲಿ ಅನೇಕ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಇಂತಹ ಕಾರುಗಳನ್ನು ಒಣಗಿಸಿ ಮಾರುಕಟ್ಟೆಗೆ ತಂದರೆ ಹೊರನೋಟಕ್ಕೆ ಗುರುತು ಸಿಗದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳತುದಿಯಲ್ಲಿ ಕೆಸರಿನ ಕಲೆ ಇರಬಹುದು. ಆಸನದ ಕೆಳಗಿನ ಕಂಬಿಗಳ ತುಕ್ಕು, ಕಾರ್ಪೆಟ್ ಅಡಿಯ ಮಣ್ಣು, ಮುಗ್ಗಲು ವಾಸನೆ ಕೂಡ ಅದನ್ನೇ ಸೂಚಿಸುತ್ತವೆ. ನೀರು ಕುಡಿದ ವಿದ್ಯುತ್ ತಂತಿಗಳು ತಿಂಗಳುಗಳ ನಂತರ ತೊಂದರೆ ಕೊಡಬಲ್ಲವು.

ಓಡಿದ ದೂರ, ಎಂಜಿನ್ ಮತ್ತು ಸುರಕ್ಷತೆ

ಮೀಟರಿನ ಅಂಕಿಯನ್ನು ತಿದ್ದಬಹುದು, ಸವೆತವನ್ನು ಮರೆಮಾಚುವುದು ಕಷ್ಟ. ಮೀಟರ್ 35 ಸಾವಿರ ಕಿ.ಮೀ. ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಸಂಶಯಪಡಬೇಕು. ಕಂಪನಿಯ ಅಧಿಕೃತ ಸರ್ವೀಸ್ ದಾಖಲೆಯಲ್ಲಿ ಪ್ರತಿ ಭೇಟಿಯ ಅಂಕಿ ಇರುತ್ತದೆ. ಅದನ್ನು ಮಾಲೀಕರಿಂದಲೇ ಕೇಳಿ ಪಡೆಯಬಹುದು. ಟೈರಿನ ಬದಿಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ.

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಬಂದರೆ ಕೂಲೆಂಟ್ ಒಳಸೇರುತ್ತಿರಬಹುದು. ನಂಬಿಕೆಯ ಮೆಕ್ಯಾನಿಕ್‌ಗೆ ಕೊಡುವ ಸಣ್ಣ ಶುಲ್ಕ ಇಲ್ಲಿ ದೊಡ್ಡ ಉಳಿತಾಯ.

ಮಕ್ಕಳು, ಹಿರಿಯರು ಕೂರುವ ಕಾರಿನಲ್ಲಿ ಏರ್‌ಬ್ಯಾಗ್ ಮುಖ್ಯ. ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಮುಂದಿನ ಇನ್ನೊಂದು ಆಸನಕ್ಕೆ ಎಲ್ಲ ಮಾದರಿಗಳಲ್ಲೂ ಕಡ್ಡಾಯವಾದದ್ದು 2021ರ ಕೊನೆಗೆ. ಅದಕ್ಕೂ ಹಿಂದಿನ ಅಗ್ಗದ ಮಾದರಿಗಳಲ್ಲಿ ಅದು ಇಲ್ಲದಿರಬಹುದು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕೀಲಿ ತಿರುಗಿಸಿದಾಗ ಅದರ ದೀಪ ಹೊತ್ತಿ ಕೆಲವೇ ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ದೋಷ, ಹೊತ್ತದೇ ಇದ್ದರೂ ದೋಷವೇ.

ಹಣ ಕೊಡುವ ಹಂತ

ಒಪ್ಪಂದವಾದ ಮೇಲೆ ನಮೂನೆ 29 ಮತ್ತು 30ಕ್ಕೆ ಮಾಲೀಕರ ಸಹಿ ಪಡೆಯಬೇಕು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಇದನ್ನು ಕಡೆಗಣಿಸಿದರೆ ನಮ್ಮ ಕಾರಿಗೇ ಆದ ಹಾನಿಗೆ ಪರಿಹಾರ ಸಿಗದೆ ಹೋಗಬಹುದು. ಹಿಂದಿನ ಮಾಲೀಕರ ಬೋನಸ್ ಅವರೊಂದಿಗೇ ಹೋಗುತ್ತದೆ, ಕಾರಿನೊಂದಿಗೆ ಬರುವುದಿಲ್ಲ.

ಹಳೆಯ ಕಾರುಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯುವ ವ್ಯವಸ್ಥೆ 2023ರ ಏಪ್ರಿಲ್ 1ರಂದು ಜಾರಿಗೆ ಬಂದಿದೆ. ಅಂಗಡಿಯಲ್ಲಿ ಕೊಳ್ಳುವವರು ಆ ಪತ್ರವನ್ನು ತೋರಿಸುವಂತೆ ಕೇಳಬಹುದು.

ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸಿ, ಒಂದಷ್ಟು ಮೊತ್ತವನ್ನು ಹೆಸರು ವರ್ಗಾವಣೆ ಮುಗಿಯುವವರೆಗೆ ಉಳಿಸಿಕೊಳ್ಳುವ ಷರತ್ತನ್ನು ಬರಹದಲ್ಲಿ ಹಾಕಿಸಿಕೊಳ್ಳುವುದು ಜಾಣತನ. ಕಾರು ಕೈಬದಲಾದ ದಿನಾಂಕ ಮತ್ತು ಗಂಟೆಯನ್ನು ನಮೂದಿಸಿದ ಪತ್ರಕ್ಕೆ ಇಬ್ಬರೂ ಸಹಿ ಹಾಕಲಿ. ಎರಡು ಕೀಲಿ, ಮೂಲ ಆರ್‌ಸಿ, ಪಾಲಿಸಿ, ಹೊಗೆ ತಪಾಸಣೆ ಪತ್ರ ಕೈಗೆ ಬಂದ ಮೇಲೆಯೇ ಕಾರು ಹೊರಡಲಿ. ಹೊಸ ಆರ್‌ಸಿಯಲ್ಲಿ ತಮ್ಮ ಹೆಸರು ಕಾಣುವವರೆಗೂ ಖರೀದಿ ಮುಗಿದಿಲ್ಲವೆಂದೇ ಕೊಂಡವರು ತಿಳಿಯಬೇಕು.