ಕೊಯ್ಯುವ ಮೊದಲು ಒಮ್ಮೆ ಒಳಗೆ ನೋಡಿ

ಮೀನಖಂಡದ ಮೇಲೆ ಅಂಗೈಯಗಲ ಬಾವು. ಮುಟ್ಟಿದರೆ ಬಿಸಿ, ಒತ್ತಿದರೆ ಜೀವ ಹೋಗುವಷ್ಟು ನೋವು, ರಾತ್ರಿಯೆಲ್ಲ ಪೋಟು. ಆಸ್ಪತ್ರೆಗಳ ಡ್ರೆಸ್ಸಿಂಗ್ ಕೋಣೆಗೆ ಇಂಥ ಕಾಲುಗಳು ದಿನವೂ ಬರುತ್ತವೆ. ವೈದ್ಯರು ಮೊದಲು ತೀರ್ಮಾನಿಸಬೇಕಾದದ್ದು ಒಂದೇ ಸಂಗತಿ: ಒಳಗೆ ಕೀವು ಕಟ್ಟಿದೆಯೇ, ಇಲ್ಲವೇ? ಕಟ್ಟಿದ್ದರೆ ಕೊಯ್ದು ಹೊರಹಾಕಬೇಕು. ದೊಡ್ಡ ಕೀವಿನ ಚೀಲ ಬರೀ ಆ್ಯಂಟಿಬಯೋಟಿಕ್‌ಗೆ ಕರಗುವುದಿಲ್ಲ. ಕೀವಿಲ್ಲದ ಸೆಲ್ಯುಲೈಟಿಸ್ ಆಗಿದ್ದರೆ, ಅಂದರೆ ಸೋಂಕು ಚರ್ಮಕ್ಕೂ ಅದರಡಿಯ ಕೊಬ್ಬಿಗೂ ಸುಮ್ಮನೆ ಹರಡಿಕೊಂಡಿದ್ದರೆ, ಕತ್ತಿ ಹಾಕಿದ್ದು ವೃಥಾ ಗಾಯ. ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಗಾಯ ಒಣಗಲು ತಿಂಗಳುಗಳೇ ಹಿಡಿಯಬಹುದು.

ಈ ತೀರ್ಮಾನ ಇಂದಿಗೂ ಹೆಚ್ಚಾಗಿ ಬೆರಳ ತುದಿಯಲ್ಲೇ ನಡೆಯುತ್ತದೆ. ಎರಡು ಬೆರಳಿಟ್ಟು ಒತ್ತಿ, ಒಳಗೆ ದ್ರವ ಅಲುಗಾಡುತ್ತದೆಯೇ ಎಂದು ನೋಡುತ್ತಾರೆ. ಕುರು ಹಣ್ಣಾಗಿದ್ದರೆ ಇದು ಸುಲಭ. ಕೀವು ಆಳದಲ್ಲಿದ್ದರೆ ಮೇಲಿನ ಗಟ್ಟಿ ಬಾವು ಅದನ್ನು ಮರೆಮಾಡುತ್ತದೆ. ಇನ್ನು, ಪಠ್ಯಪುಸ್ತಕಗಳು ಸೋಂಕಿನ ಮುಖ್ಯ ಗುರುತೆಂದು ಹೇಳುವ ಕೆಂಪು ಬಣ್ಣ ಬಿಳಿಚರ್ಮದ ಮೇಲೆ ಕಾಣುವಂತೆ ನಮ್ಮ ಕಂದು, ಕಪ್ಪು ಚರ್ಮದ ಮೇಲೆ ಕಾಣುವುದಿಲ್ಲ. ಕೆಲವರಲ್ಲಿ ಬರೀ ಕಪ್ಪಾಗಿಯೋ ನೇರಳೆಯಾಗಿಯೋ ತೋರುತ್ತದೆ. ಅಲ್ಟ್ರಾಸೌಂಡ್‌ಗೆ ಮೈಬಣ್ಣದ ಹಂಗಿಲ್ಲ. ಈ ಒಂದು ಕಾರಣಕ್ಕಾದರೂ ಅದು ನಮ್ಮ ಆಸ್ಪತ್ರೆಗಳಲ್ಲಿ ಚರ್ಮದ ಮೇಲೆ ಈಗಿನದಕ್ಕಿಂತ ಹೆಚ್ಚು ಓಡಾಡಬೇಕು ಎಂದು ನಾನು ನಂಬುತ್ತೇನೆ.

ಅಮೆರಿಕದ ಷಾರ್ಲಟ್ ನಗರದ ತುರ್ತು ಚಿಕಿತ್ಸಾ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ಒಳ್ಳೆಯ ಆಧಾರ. ಸೆಲ್ಯುಲೈಟಿಸ್ ಎಂದು ಬಂದ 126 ಮಂದಿಯನ್ನು ಅವರು ಮೊದಲು ಕೈಯಿಂದ ಪರೀಕ್ಷಿಸಿ ತೀರ್ಮಾನ ಬರೆದಿಟ್ಟರು, ಆಮೇಲೆ ಸ್ಕ್ಯಾನ್ ಮಾಡಿದರು. 71 ಮಂದಿಯಲ್ಲಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ, ಮುಂದಿನ ಚಿಕಿತ್ಸೆಯೇ ಬದಲಾಯಿತು. ಕೊಯ್ಯುವ ಅಗತ್ಯವಿಲ್ಲ ಎಂದುಕೊಂಡಿದ್ದ 82 ಜನರಲ್ಲಿ 33 ಮಂದಿಯ ಕೀವು ತೆಗೆಯಬೇಕಾಯಿತು. ಕೊಯ್ಯಬೇಕು ಎಂದುಕೊಂಡಿದ್ದ 44 ಜನರಲ್ಲಿ 16 ಮಂದಿ ಕತ್ತಿಯಿಂದ ಪಾರಾದರು. ಬೆರಳಿಗೆ ಸಿಗದದ್ದು ಯಾರ ಬೆರಳಿಗೂ ಸಿಗುವುದಿಲ್ಲ.

ಪರದೆಯ ಮೇಲೆ ಕಾಣುವುದೇನು? ಆರೋಗ್ಯವಂತ ಚರ್ಮದಲ್ಲಿ ಮೇಲ್ಪದರ ಒಂದು ಹೊಳೆಯುವ ಗೆರೆ, ಅದರ ಕೆಳಗೆ ಒಳಚರ್ಮದ ಬೆಳ್ಳನೆಯ ಪಟ್ಟಿ, ಅದರಡಿಯಲ್ಲಿ ಕಪ್ಪಗಿನ ಕೊಬ್ಬು, ಕೊಬ್ಬಿನ ನಡುವೆ ತೆಳುವಾದ ಬಿಳಿ ಎಳೆಗಳು, ಇನ್ನೂ ಕೆಳಗೆ ಸ್ನಾಯುವಿನ ಮೇಲಿನ ಹೊದಿಕೆ. ಸೆಲ್ಯುಲೈಟಿಸ್‌ನಲ್ಲಿ ನೀರು ಈ ಕೊಬ್ಬಿನ ಸಂದುಗಳಲ್ಲಿ ತುಂಬಿಕೊಂಡು ಇಡೀ ಪದರ ಹಾಸುಗಲ್ಲಿನ ಬೀದಿಯಂತಾಗುತ್ತದೆ. ವೈದ್ಯರೂ ಅದನ್ನು ಹಾಗೆಯೇ ಕರೆಯುತ್ತಾರೆ. ಕೀವು ಕಟ್ಟಿದ್ದರೆ ಅಲ್ಲೊಂದು ಕಪ್ಪು ಮಡು. ಚರ್ಮದ ಮೇಲಿಡುವ ಹಿಡಿಯನ್ನು, ಅಂದರೆ ಪ್ರೋಬನ್ನು, ಮೆಲ್ಲಗೆ ಒತ್ತಿದರೆ ಆ ಮಡುವಿನೊಳಗೆ ಕಣಗಳು ಸುಳಿಯುವುದು ಕಾಣುತ್ತದೆ. ಚೀಲದ ಅಗಲ ಎಷ್ಟು, ಚರ್ಮದಿಂದ ಎಷ್ಟು ಮಿಲಿಮೀಟರ್ ಕೆಳಗಿದೆ ಎಂಬುದನ್ನು ಅಲ್ಲೇ ಅಳೆಯಬಹುದು.

ಕಲರ್ ಡಾಪ್ಲರ್ ಒತ್ತಿದರೆ ರಕ್ತದ ಓಟವೂ ಕಾಣುತ್ತದೆ, ಮತ್ತು ಇದು ಜೀವ ಉಳಿಸುವ ಗುಂಡಿ. ತೊಡೆಸಂದಿನಲ್ಲಿ ಕುರುವಿನಂತೆ ಉಬ್ಬಿರುವುದು ಕೆಲವೊಮ್ಮೆ ಕೀವಲ್ಲ, ಗಾಯಗೊಂಡ ರಕ್ತನಾಳದಿಂದ ಹೊರಬಂದು ನಿಂತ ರಕ್ತದ ಚೀಲ. ಚುಚ್ಚುಮದ್ದಿನ ಚಟದವರಲ್ಲಿ, ಹೃದಯದ ಆ್ಯಂಜಿಯೊಗ್ರಾಂ ಮಾಡಿಸಿಕೊಂಡವರಲ್ಲಿ ಇದು ಸಂಭವಿಸುತ್ತದೆ. ಕುರುವೆಂದು ತಿಳಿದು ಕತ್ತಿ ಹಾಕಿದರೆ ರಕ್ತ ಚಿಮ್ಮುತ್ತದೆ.

ಇದೆಲ್ಲ ಮೊನ್ನೆ ಮೊನ್ನೆಯ ವಿದ್ಯೆಯೇನಲ್ಲ. ಗ್ಲಾಸ್ಗೊದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಕುರಿತ ಹೆಸರಾಂತ ಲೇಖನವನ್ನು 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದ್ದು 1958ರಲ್ಲಿ. ಪ್ರಸೂತಿ ಸ್ಕ್ಯಾನಿಂಗ್ ಬೆಳೆದದ್ದು ಅಲ್ಲಿಂದ. ಅದಕ್ಕೂ ಮೊದಲೇ, 1950ರ ಆಸುಪಾಸಿನಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಜಾನ್ ವೈಲ್ಡ್ ಎಂಬ ಶಸ್ತ್ರವೈದ್ಯ ನೌಕಾಪಡೆಯ ರೇಡಾರ್ ತರಬೇತಿ ಉಪಕರಣವನ್ನು ಬಳಸಿ 15 ಮೆಗಾಹರ್ಟ್ಝ್ ಶಬ್ದದಿಂದ ಕರುಳಿನ ಗೋಡೆಯ ದಪ್ಪವನ್ನೂ ಮುಂದೆ ಸ್ತನದ ಗಂಟುಗಳನ್ನೂ ಪರೀಕ್ಷಿಸುತ್ತಿದ್ದರು. ಚರ್ಮದ ದಪ್ಪವನ್ನೇ ಶಬ್ದದಿಂದ ಅಳೆದ ವರದಿ 1979ರಲ್ಲಿ ಬಂತು.

ಯಾವ ಪ್ರೋಬ್ ಎಲ್ಲಿಗೆ ಎಂಬ ನಿಯಮ ಸರಳ. ಶಬ್ದದ ಕಂಪನಾಂಕ ಹೆಚ್ಚಾದಷ್ಟೂ ಚಿತ್ರ ಸೂಕ್ಷ್ಮ, ಆದರೆ ಆಳ ಕಡಿಮೆ. ಗರ್ಭ ನೋಡುವ ಬಾಗಿದ ಪ್ರೋಬ್ 2ರಿಂದ 5 ಮೆಗಾಹರ್ಟ್ಝ್‌ನದು. ಥೈರಾಯ್ಡ್, ಕಾಲಿನ ರಕ್ತನಾಳ ನೋಡುವ ನೇರ ಮೂತಿಯ ಲೀನಿಯರ್ ಪ್ರೋಬ್ ಸುಮಾರು 7ರಿಂದ 15. ಚರ್ಮರೋಗಕ್ಕೆಂದೇ ಇರುವವು 20 ದಾಟುತ್ತವೆ. 70 ಮೆಗಾಹರ್ಟ್ಝ್‌ನವೂ ಇವೆ, ಅವು ಕೂದಲಿನ ಬುಡವನ್ನೂ ತೋರಿಸಬಲ್ಲವು. ಆದರೆ ಕೀವು, ಮುಳ್ಳು, ಕೊಬ್ಬಿನ ಗಂಟು ನೋಡಲು ಲೀನಿಯರ್ ಪ್ರೋಬೇ ಸಾಕು.

ಮುಳ್ಳಿನ ವಿಷಯಕ್ಕೆ ಬರೋಣ, ಏಕೆಂದರೆ ಬಯಲುಸೀಮೆಯ ರೈತರಿಗೆ ಇದು ನಿತ್ಯದ ಪಾಡು. ಬಳ್ಳಾರಿ ಜಾಲಿಯ ಮುಳ್ಳೋ ಈಚಲ ಮುಳ್ಳೋ ಹಿಮ್ಮಡಿಗೆ ಹೊಕ್ಕು ಒಳಗೇ ಮುರಿಯುತ್ತದೆ. ಮೇಲಿನ ತೂತು ಮುಚ್ಚಿಕೊಳ್ಳುತ್ತದೆ. ವಾರಗಳ ನಂತರ ಅದೇ ಜಾಗ ಊದಿ, ಕೀವು ಸೋರಿ, ಮತ್ತೆ ಮುಚ್ಚಿ, ಮತ್ತೆ ಊದುತ್ತದೆ. ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ. ಎಕ್ಸ್‌ರೇಗೆ ಕಬ್ಬಿಣ ಕಾಣುತ್ತದೆ, ಗಾಜು ಬಹುಪಾಲು ಕಾಣುತ್ತದೆ. ಮುಳ್ಳು, ಮರದ ಚೂರು, ಬಿದಿರಿನ ಸಿಬಿರು ಸಾಮಾನ್ಯವಾಗಿ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಅದೇ ಮುಳ್ಳು ಬಿಳಿ ಗೆರೆಯಾಗಿ ಹೊಳೆದು ಹಿಂದೆ ಕಪ್ಪು ನೆರಳು ಬೀಳಿಸುತ್ತದೆ. ಕೆಲವು ದಿನ ಕಳೆದ ಮೇಲೆ ದೇಹ ಅದರ ಸುತ್ತ ಊತದ ಕವಚ ಕಟ್ಟುವುದರಿಂದ ಗೆರೆಯ ಸುತ್ತ ಕಪ್ಪು ಅಂಚು ಮೂಡಿ ಗುರುತಿಸುವುದು ಇನ್ನೂ ಸುಲಭ. ಮುಟ್ಟಗೊಡದಷ್ಟು ನೋವಿದ್ದರೆ ಕಾಲನ್ನು ನೀರಿನ ಬೋಗುಣಿಯಲ್ಲಿ ಇಡಿಸಿ, ಪ್ರೋಬಿನ ಮೂತಿಯನ್ನು ಚರ್ಮಕ್ಕೆ ತಾಗಿಸದೆ ನೀರಿನಲ್ಲೇ ಹಿಡಿದು ನೋಡುತ್ತಾರೆ. ಶಬ್ದ ಗಾಳಿಯಲ್ಲಿ ದಾರಿ ತಪ್ಪುತ್ತದೆ, ನೀರಿನಲ್ಲಿ ತಪ್ಪುವುದಿಲ್ಲ. ಮಕ್ಕಳಿಗೆ ಈ ಉಪಾಯ ದೊಡ್ಡ ಉಪಕಾರ.

ನನ್ನನ್ನು ಅತ್ಯಂತ ಬೆರಗುಗೊಳಿಸಿದ ಚಿತ್ರ ಬ್ರೆಜಿಲ್‌ನ ರೆಸಿಫೆ ನಗರದ್ದು. 1994ರಲ್ಲಿ ಅಲ್ಲಿನ ಸಂಶೋಧಕರು ಆನೆಕಾಲು ರೋಗದ ಸೋಂಕಿದ್ದ ಗಂಡಸರ ವೃಷಣಚೀಲದ ದುಗ್ಧನಾಳಗಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಒಳಗೆ ಜೀವಂತ ಹುಳುಗಳು ಬಿಡುವಿಲ್ಲದೆ ಹೊರಳಾಡುವುದನ್ನು ವರದಿ ಮಾಡಿದರು. ವೈದ್ಯಲೋಕ ಅದಕ್ಕೆ 'ಫೈಲೇರಿಯಾ ನೃತ್ಯ' ಎಂದು ಹೆಸರಿಟ್ಟಿತು. ಔಷಧ ಕೊಟ್ಟ ಮೇಲೆ ಹೊರಳಾಟ ನಿಂತರೆ ದೊಡ್ಡ ಹುಳು ಸತ್ತಿತೆಂದು ಅರ್ಥ. ಕಲಬುರಗಿ, ಬೀದರ್, ಯಾದಗಿರಿಯಿಂದ ಹಿಡಿದು ಕರಾವಳಿಯ ಜಿಲ್ಲೆಗಳವರೆಗೆ ಆನೆಕಾಲನ್ನು ಬಲ್ಲ ನಮಗೆ ಇದು ದೂರದ ಕಥೆಯಲ್ಲ.

ಕುಷ್ಠರೋಗವೂ ಹಾಗೆಯೇ. ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ರೋಗ ಅಂಗವಿಕಲತೆ ತರುವುದು ನರಗಳ ಮೂಲಕ. ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ವೈದ್ಯರು ಬೆರಳಿಂದ ತಡವಿ ನೋಡುತ್ತಾರೆ. ಹೈದರಾಬಾದಿನ ಸುಮನ್ ಜೈನ್, ನೆದರ್‌ಲೆಂಡ್ಸ್‌ನ ಲಿಯೊ ವಿಸ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸ ಈ ನರಗಳ ದಪ್ಪವನ್ನು ಅಲ್ಟ್ರಾಸೌಂಡ್‌ನಿಂದ ಅಳೆದು ತೋರಿಸಿತು. ನರದೊಳಗೆ ರಕ್ತದ ಓಟ ಹೆಚ್ಚಿದ್ದು ಡಾಪ್ಲರ್‌ನಲ್ಲಿ ಕಂಡರೆ ಅಲ್ಲಿ ಉರಿಯೂತ ನಡೆಯುತ್ತಿದೆ ಎಂದು ತಿಳಿಯಬಹುದು. ಬೆರಳು ಮಡಚಿಕೊಳ್ಳುವ ಮೊದಲೇ ಸ್ಟೀರಾಯ್ಡ್ ಶುರು ಮಾಡಲು ಆ ಸುಳಿವು ಬೇಕು.

ಚರ್ಮತಜ್ಞರ ಕೆಲಸದಲ್ಲಿ ಚಿಲಿ ದೇಶ ಮುಂದಿದೆ. ಅಲ್ಲಿನ ರೇಡಿಯಾಲಜಿಸ್ಟ್ ಹಿಮೆನಾ ವೋರ್ಟ್ಸ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಕಂಕುಳು, ತೊಡೆಸಂದುಗಳಲ್ಲಿ ಮತ್ತೆ ಮತ್ತೆ ಕುರು ಏಳುವ ಹೈಡ್ರಾಡಿನೈಟಿಸ್ ರೋಗದ ತೀವ್ರತೆಯನ್ನು ಅಲ್ಟ್ರಾಸೌಂಡ್‌ನಿಂದ ಹಂತ ಕಟ್ಟುವ ಕ್ರಮ ರೂಪಿಸಿದರು. ಹೊರಗೆ ಒಂದೆರಡು ಕುರು ಕಂಡರೂ ಒಳಗೆ ಸುರಂಗಗಳೇ ಹರಡಿರಬಹುದು. ವರ್ಷಗಟ್ಟಲೆ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಬಂದವರಿಗೆ ಸರಿಯಾದ ಚಿಕಿತ್ಸೆ ಆ ಸುರಂಗಗಳನ್ನು ಕಂಡ ಮೇಲೆಯೇ ಸಿಗುತ್ತದೆ.

ಹಾಗಾದರೆ ಪ್ರತಿ ಚರ್ಮದ ಕ್ಲಿನಿಕ್ಕಿನಲ್ಲೂ ಒಂದು ಯಂತ್ರ ಏಕಿಲ್ಲ? ಭಾರತದಲ್ಲಿ ಅಲ್ಟ್ರಾಸೌಂಡ್ ಎಂದರೆ ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾಯ್ದೆಯ ಕಣ್ಗಾವಲಿನಲ್ಲಿರುವ ಉಪಕರಣ. ಇಡುವ ಜಾಗ, ಬಳಸುವ ವೈದ್ಯರು ಎಲ್ಲಕ್ಕೂ ನೋಂದಣಿ ಬೇಕು. ಕೈಯಲ್ಲಿ ಹಿಡಿದೊಯ್ಯುವ ಯಂತ್ರಗಳಿಗೆ ಇನ್ನೂ ಬಿಗಿಯಾದ ಮಿತಿ. 20 ಮೆಗಾಹರ್ಟ್ಝ್‌ನ ಪ್ರೋಬ್ ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಇಳಿಯಲಾರದು, ಗರ್ಭ ಅದಕ್ಕೆ ಎಟುಕದು, ನಿಜ. ಆದರೆ ಎಷ್ಟೋ ಯಂತ್ರಗಳಿಗೆ ಬೇರೆ ಪ್ರೋಬ್ ಸಿಕ್ಕಿಸುವುದು ಅರೆಕ್ಷಣದ ಕೆಲಸ. ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಹೆಣ್ಣುಭ್ರೂಣ ಹತ್ಯೆಯ ಜಾಲ 2023ರಲ್ಲಿ ಮಂಡ್ಯದಲ್ಲಿ ಬಯಲಾದದ್ದನ್ನು ಕಂಡ ರಾಜ್ಯ ನಮ್ಮದು. ಕಾಯ್ದೆ ಸಡಿಲಿಸಿ ಎಂದು ನಾನು ಹೇಳಲಾರೆ. ಈಗಾಗಲೇ ನೋಂದಣಿಯಾದ ಯಂತ್ರವಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಲೀನಿಯರ್ ಪ್ರೋಬನ್ನು ಕುರು, ಮುಳ್ಳು, ಗಂಟುಗಳ ಮೇಲೂ ಇಡಬೇಕು, ಅದಕ್ಕೆ ವೈದ್ಯರನ್ನು ಕಾನೂನಿನ ಚೌಕಟ್ಟಿನೊಳಗೇ ತರಬೇತುಗೊಳಿಸಬೇಕು ಎಂದು ಮಾತ್ರ ಒತ್ತಾಯಿಸುತ್ತೇನೆ.

ಅಲ್ಟ್ರಾಸೌಂಡ್‌ಗೆ ಕಾಣದ್ದೂ ಇದೆ. ಮಚ್ಚೆಯ ಬಣ್ಣವನ್ನು ಅದು ಗುರುತಿಸಲಾರದು, ಮೇಲ್ಪದರದ ತೀರಾ ತೆಳು ಕ್ಯಾನ್ಸರ್ ಅದರ ಕಣ್ಣು ತಪ್ಪಿಸುತ್ತದೆ. ಅಲ್ಲಿ ಬಯಾಪ್ಸಿಯೇ ಬೇಕು. ಬಾವು ಗಂಟೆಗಂಟೆಗೂ ಹರಡುತ್ತಿದ್ದರೆ, ನೋಡಲು ಕಾಣುವುದಕ್ಕಿಂತ ನೋವು ವಿಪರೀತವಾಗಿದ್ದರೆ, ಕಪ್ಪು ಬೊಬ್ಬೆ ಎದ್ದಿದ್ದರೆ ಅದು ಮಾಂಸ ಕೊಳೆಸುವ ನೆಕ್ರೊಟೈಸಿಂಗ್ ಫೇಶಿಯೈಟಿಸ್ ಇರಬಹುದು. ಅಂಥ ರೋಗಿಯನ್ನು ಸ್ಕ್ಯಾನಿಂಗ್ ಸರದಿಯಲ್ಲಿ ಕೂರಿಸಬಾರದು, ನೇರ ಶಸ್ತ್ರಚಿಕಿತ್ಸೆಗೆ ಒಯ್ಯಬೇಕು.

ಗಂಟಿನ ಸ್ಕ್ಯಾನ್ ವರದಿ ನಿಮ್ಮ ಕೈಗೆ ಬಂದರೆ ನಾಲ್ಕು ಸಂಗತಿ ಇವೆಯೇ ನೋಡಿ: ಯಾವ ಪದರದಲ್ಲಿದೆ, ಎಷ್ಟು ಅಳತೆ, ಅಂಚು ಸ್ಪಷ್ಟವಿದೆಯೇ, ರಕ್ತದ ಓಟ ಹೇಗಿದೆ. ಚರ್ಮಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಮಲಗಿದ, ರಕ್ತದ ಓಟ ಕಾಣದ ಮೆತ್ತನೆಯ ಗಂಟು ಬಹುಪಾಲು ನಿರುಪದ್ರವಿ ಲೈಪೋಮಾ. 5 ಸೆಂಟಿಮೀಟರ್ ಮೀರಿದ್ದರೆ, ಬೆಳೆಯುತ್ತಿದ್ದರೆ ಅಥವಾ ಸ್ನಾಯುವಿನ ಹೊದಿಕೆಯ ಕೆಳಗಿದ್ದರೆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮರಗಟ್ಟಿಸಿ ತೆಗೆಸಿಕೊಳ್ಳಬೇಡಿ. ಅದು ಸಾರ್ಕೋಮಾ ಆಗಿದ್ದು ಅರಿವಿಲ್ಲದೆ ಕೊಯ್ದರೆ ಕ್ಯಾನ್ಸರಿನ ಕಣಗಳು ಸುತ್ತ ಉಳಿದು, ಎರಡನೆಯ ಸಲ ಇನ್ನೂ ದೊಡ್ಡದಾಗಿ ಕೊಯ್ಯಬೇಕಾಗುತ್ತದೆ. ಮೊದಲು ಎಂಆರ್‌ಐ, ಆಮೇಲೆ ಸೂಜಿ ಬಯಾಪ್ಸಿ, ಅದೂ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ.