ತಾತನ ವಾಚಿನಲ್ಲಿ ಎಷ್ಟು ಮಾಣಿಕ್ಯ?

ಮಕ್ಕಳೇ, ಕಳೆದ ದೀಪಾವಳಿಗೆ ಕಪಾಟು ಒರೆಸುವಾಗ ನಮ್ಮ ಮಾವನವರ ಜೇಬುಗಡಿಯಾರ ಸಿಕ್ಕಿತು. ಅವರು ಕಲ್ಯಾಣದಲ್ಲಿ ರೈಲ್ವೆ ಗುಮಾಸ್ತರಾಗಿದ್ದವರು. ಡೊಂಬಿವಲಿಯ ಅಂಗಡಿಯೊಂದಕ್ಕೆ ಒಯ್ದರೆ, "ಒಳಗಿನದು ತೆಗೆದು ಬ್ಯಾಟರಿ ಯಂತ್ರ ಕೂರಿಸೋಣ" ಎಂದರು. ನಾನು ಹೂಂ ಎನ್ನುವುದರಲ್ಲಿದ್ದೆ, ಮಗ ತಡೆದ. ಒಳಗಿನ ಯಂತ್ರಕ್ಕೇ ಮೂವ್‌ಮೆಂಟ್ ಎನ್ನುತ್ತಾರೆ. ಅದು ಹೋದರೆ ಉಳಿಯುವುದು ಬರೀ ಡಬ್ಬಿ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಮುಖದ ಮೇಲಿನ ಹೆಸರನ್ನಷ್ಟೇ ನಂಬಬೇಡಿ. ನಮ್ಮದರ ಮೇಲೆ "ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ–ಕಲ್ಕತ್ತಾ" ಎಂದಿದೆ. ಆದರೆ ಆ ಕಂಪನಿ ಮಾರುತ್ತಿದ್ದುದು ಸ್ವಿಸ್ ಯಂತ್ರಗಳನ್ನು. ಕೆಲವು ಲಾಂಜಿನ್ಸ್‌ನವರು ಮಾಡಿದವು. ಹಿಂಬದಿ ಮುಚ್ಚಳ ಕೆಲವದರಲ್ಲಿ ತಿರುಪು, ಕೆಲವದರಲ್ಲಿ ಉಗುರಿಗೆ ಏಳುತ್ತದೆ. ಅಡುಗೆಮನೆಯ ಚಾಕು ಮಾತ್ರ ಬೇಡ! ಮುಚ್ಚಳದ ಮೇಲಿನ ನಂಬರು ಬೇರೆ, ಯಂತ್ರದ ಮೇಲಿನದು ಬೇರೆ. ಅಮೆರಿಕದ ವಾಲ್ಥಮ್, ಎಲ್ಜಿನ್ ವಾಚಾದರೆ ಯಂತ್ರದ ನಂಬರಿನಿಂದಲೇ ಸುಮಾರು ಯಾವ ವರ್ಷದ್ದೆಂದು ತಿಳಿಯುತ್ತದೆ.

ಇನ್ನು ಮಾಣಿಕ್ಯ. ಸಾಮಾನ್ಯವಾಗಿ ಯಂತ್ರದ ಮೇಲೇ ಕೆತ್ತಿರುತ್ತಾರೆ. "ರುಬಿ" ಎಂದಿದ್ದರೆ ಅದು ಫ್ರೆಂಚ್. ತೂಗುವ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಸಾಮಾನ್ಯವಾಗಿ 5 ಬಾರಿ ಹೊಯ್ದಾಡುತ್ತದೆ. ಉಕ್ಕಿನ ಅಚ್ಚು ಹಿತ್ತಾಳೆಯ ತೂತಿನಲ್ಲಿ ಹಾಗೆ ತಿರುಗಿದರೆ ಸವೆಯದೇ? ಅದಕ್ಕೇ ಗಟ್ಟಿ ಕಲ್ಲು. ಆ ಅಚ್ಚಿನ ಎರಡು ತುದಿಗೆ ತೂತಿನ ಕಲ್ಲು 2, ಅವುಗಳ ಮೇಲೆ ಮುಚ್ಚುಕಲ್ಲು 2, ಚಕ್ರವನ್ನು ತಳ್ಳುವ ಕಲ್ಲು 1, ಪ್ಯಾಲೆಟ್ ಎಂಬ ಕವೆಯ ಕೈಗಳಿಗೆ 2. ಒಟ್ಟು 7. ಪ್ಯಾಲೆಟ್ ಹಾಗೂ ಮುಂದಿನ ಮೂರು ಚಕ್ರಗಳ ಅಚ್ಚಿಗೆ ಎರಡೆರಡು ಸೇರಿದರೆ 15, ನಡುಚಕ್ರಕ್ಕೂ ಇದ್ದರೆ 17. ನಿಮ್ಮಪ್ಪನ ಎಚ್‌ಎಂಟಿ ಜನತಾ ಕೈಗಡಿಯಾರದ "17 ಜ್ಯುವೆಲ್ಸ್" ಇದೇ ಲೆಕ್ಕ.

ಕಿತ್ತು ಉಂಗುರ ಮಾಡಿಸುವ ಆಸೆ ಬೇಡ. 1902ರಲ್ಲಿ ಫ್ರಾನ್ಸಿನ ವೆರ್ನೋಯ್ ಕೃತಕ ಮಾಣಿಕ್ಯ ತಯಾರಿಸುವ ವಿಧಾನ ಪ್ರಕಟಿಸಿದ ಮೇಲೆ ಈ ಕಲ್ಲುಗಳು ತೀರಾ ಅಗ್ಗ.

ನಮ್ಮದು 15 ಕಲ್ಲಿನದು. ಠಾಣೆಯ ಹಳೆಯ ರಿಪೇರಿಯವರೊಬ್ಬರು ಬಿಚ್ಚಿ ತೊಳೆದು ಎಣ್ಣೆ ಬಿಟ್ಟುಕೊಟ್ಟರು. ಈಗ ದಿನಾ ಬೆಳಿಗ್ಗೆ ಮಗನೇ ಕೀಲಿ ಕೊಡುತ್ತಾನೆ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ, ಬೀಳಲಿ.